ಎರಡನೇ ಆಪರೇಷನ್ ಬೇಡ ಎನ್ನುವವರಿಗೆ

ಎದೆಗೆ ಇಂಪ್ಲಾಂಟ್ ಹಾಕಿಸಿಕೊಂಡ ಹೆಣ್ಣುಮಗಳು ಕೆಲವು ವರ್ಷಗಳ ಮೇಲೆ ‘ಒಂದು ಕಡೆ ಗಟ್ಟಿ ಆಗಿದೆ, ಮತ್ತೆ ತೋರಿಸಬೇಕು’ ಎಂದು ಬಾಯಿಬಿಟ್ಟರೆ, ಬುದ್ಧಿ ಹೇಳುವವರಿಗೆ ನಮ್ಮ ಕಡೆ ಬರವಿಲ್ಲ. ರಾಯಚೂರು ನಗರದಲ್ಲಿ ಈ ಬುದ್ಧಿಮಾತು ದನಿ ತಗ್ಗಿಸಿ ಬರುತ್ತದೆ; ಮಾನ್ವಿ, ದೇವದುರ್ಗದಲ್ಲಿ ಓಣಿಗೆಲ್ಲ ಕೇಳಿಸುತ್ತದೆ. ಅಷ್ಟೇ ವ್ಯತ್ಯಾಸ. ಈ ಮಾತುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ನಿಜ. ಅರ್ಧ ನಿಜದವೇ ಹೆಚ್ಚು ಕೆಡುಕು ಮಾಡುವುದರಿಂದ ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

“ಚೆಂದ ಕಾಣಾಕ ಮಾಡಿಸ್ಕೊಂಡಾಳ, ಈಗ ಅನುಭವಿಸ್ಲಿ” ಎಂಬುದು ಎಲ್ಲರ ಬಾಯಲ್ಲಿ ಮೊದಲು ಬರುವ ಮಾತು. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿ ಲಿಂಗಸುಗೂರು ರಸ್ತೆಯಲ್ಲಿ ಬಿದ್ದವನನ್ನು ರಿಮ್ಸ್‌ಗೆ ಹೊತ್ತು ತಂದಾಗ ‘ಅನುಭವಿಸಲಿ’ ಎಂದು ಯಾರೂ ಬಾಗಿಲು ಹಾಕುವುದಿಲ್ಲ. ಕುಡಿದು ಲಿವರ್ ಕೆಡಿಸಿಕೊಂಡವನಿಗೂ ಸಲೈನ್ ಏರಿಸುತ್ತಾರೆ. ತಪ್ಪು ಯಾರದು ಎಂಬ ವಿಚಾರಣೆ ಹೆಣ್ಣಿನ ಎದೆಯ ವಿಷಯದಲ್ಲಿ ಮಾತ್ರ ಶುರುವಾಗುವುದೇಕೆ? ಇನ್ನು ಚೆಂದದ ಮಾತು. ಜಗತ್ತಿನಲ್ಲಿ ಮೊದಲು ಸಿಲಿಕೋನ್ ಇಂಪ್ಲಾಂಟ್ ಹಾಕಿಸಿಕೊಂಡವರು ಅಮೆರಿಕದ ಹ್ಯೂಸ್ಟನ್‌ನ ಟಿಮ್ಮಿ ಜೀನ್ ಲಿಂಡ್ಸಿ, 1962ರಲ್ಲಿ. ಆರು ಮಕ್ಕಳ ಆ ತಾಯಿ ಆಸ್ಪತ್ರೆಗೆ ಹೋಗಿದ್ದು ಎದೆಯ ಮೇಲಿನ ಹಚ್ಚೆ ತೆಗೆಸಲು. ಹೊಸ ಸಾಧನ ಪ್ರಯೋಗಿಸಲು ಮನಸ್ಸಿದ್ದ ಡಾಕ್ಟರುಗಳೇ ಆಕೆಯನ್ನು ಒಪ್ಪಿಸಿದರು. ಆಸೆ ಹುಟ್ಟಿಸುವವರು ಬೇರೆ, ಬೈಸಿಕೊಳ್ಳುವವರು ಬೇರೆ. ಅಂದಿನಿಂದಲೂ ಹೀಗೇ ನಡೆದಿದೆ. ಕ್ಯಾನ್ಸರ್‌ಗೆ ಸ್ತನ ಕಳೆದುಕೊಂಡು ಇಂಪ್ಲಾಂಟ್ ಹಾಕಿಸಿಕೊಂಡವರೂ ಈ ಗುಂಪಿನಲ್ಲಿದ್ದಾರೆ, ಹುಟ್ಟಿನಿಂದಲೇ ಎರಡು ಕಡೆ ಸಮ ಇಲ್ಲದವರೂ ಇದ್ದಾರೆ. ಬೈಯುವ ಮುನ್ನ ಯಾರೂ ಕಾರಣ ಕೇಳುವುದಿಲ್ಲ.

“ಒಮ್ಮೆ ಹಾಕಿಸಿದರೆ ಮುಗೀತು, ಮತ್ತೆ ಯಾಕೆ ಕೊಯ್ಸಬೇಕು?” ಎನ್ನುತ್ತಾರೆ ಇನ್ನು ಕೆಲವರು. ಇಲ್ಲಿ ತಪ್ಪು ಕೇಳುವವರದಷ್ಟೇ ಅಲ್ಲ, ಮೊದಲ ದಿನವೇ ಇದನ್ನು ಹೇಳದ ಡಾಕ್ಟರದೂ ಹೌದು. ಇಂಪ್ಲಾಂಟ್ ಜೀವಮಾನದ ವಸ್ತುವಲ್ಲ ಎಂದು ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಮತ್ತೆ ಮತ್ತೆ ಹೇಳಿದೆ. ಸ್ತನ ದೊಡ್ಡದು ಮಾಡಿಸಿಕೊಂಡವರಲ್ಲಿ 5 ಮಂದಿಗೆ ಒಬ್ಬರವರೆಗೂ 8ರಿಂದ 10 ವರ್ಷದೊಳಗೆ ಅದನ್ನು ತೆಗೆಸಬೇಕಾಗಬಹುದು ಎಂಬುದು 2011ರಲ್ಲೇ ಅದು ಕೊಟ್ಟ ಲೆಕ್ಕ. ಹೊರಗಿನ ವಸ್ತು ಒಳಗೆ ಹೋದರೆ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಎಲ್ಲರಲ್ಲೂ ಕಟ್ಟುತ್ತದೆ, ಅದು ರೋಗವಲ್ಲ. ಕೆಲವರಲ್ಲಿ ಮಾತ್ರ ಆ ಪೊರೆ ದಪ್ಪಗಾಗಿ, ಬಿಗಿದು, ಇಂಪ್ಲಾಂಟನ್ನು ಹಿಂಡುತ್ತದೆ. ಸರ್ಜನ್‌ಗಳು ಇದನ್ನು ಬೇಕರ್ ಎಂಬ ಅಳತೆಯಲ್ಲಿ ನಾಲ್ಕು ಹಂತ ಮಾಡಿದ್ದಾರೆ: ಮೊದಲ ಹಂತದಲ್ಲಿ ಎದೆ ಮೆತ್ತಗಿರುತ್ತದೆ, ಮೂರನೆಯದರಲ್ಲಿ ಆಕಾರ ಕೆಟ್ಟದ್ದು ಕಣ್ಣಿಗೇ ಕಾಣುತ್ತದೆ, ನಾಲ್ಕನೆಯದರಲ್ಲಿ ನೋವು. ನಾಲ್ಕನೇ ಹಂತದವಳಿಗೆ ‘ಸುಮ್ಮನಿರು’ ಎನ್ನುವುದು ಬುದ್ಧಿಮಾತಲ್ಲ. ಇದಲ್ಲದೆ ಇಂಪ್ಲಾಂಟ್ ಒಡೆಯಬಹುದು, ಜಾರಿ ಕೆಳಗಿಳಿಯಬಹುದು, ಬಾಣಂತನದ ನಂತರವೋ ತೂಕ ಇಳಿದ ಮೇಲೋ ಸುತ್ತಲಿನ ಮೈ ಬದಲಾಗಿ ಅದು ಕೂರುವ ರೀತಿಯೇ ಕೆಡಬಹುದು.

ಇದಕ್ಕೆ ಜೋಡಿಯಾಗಿ ಬರುವ ಮಾತು, “ನೋವಿಲ್ಲದ ಮೇಲೆ ಯಾಕೆ ಮುಟ್ಟಬೇಕು?” ನೋವಿಲ್ಲದಿದ್ದರೆ ಆಪರೇಷನ್ ಬೇಡ, ಒಪ್ಪಿದೆ. ನೋವಿಲ್ಲದಿದ್ದರೆ ಪರೀಕ್ಷೆಯೂ ಬೇಡ ಎಂಬುದನ್ನು ಮಾತ್ರ ಒಪ್ಪಲಾಗದು. ಸಿಲಿಕೋನ್ ಇಂಪ್ಲಾಂಟ್ ಒಳಗೇ ಒಡೆದರೂ ಹೊರಗೆ ಏನೂ ಗೊತ್ತಾಗದಿರಬಹುದು. ಜೆಲ್ ಆ ಪೊರೆಯೊಳಗೇ ಉಳಿದಿರುತ್ತದೆ. ಅದಕ್ಕೇ ಹಾಕಿಸಿ 5-6 ವರ್ಷವಾದಾಗ ಮೊದಲ ಸಲ, ಆಮೇಲೆ 2-3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕು ಎನ್ನುತ್ತದೆ ಎಫ್‌ಡಿಎ. ಅಲ್ಟ್ರಾಸೌಂಡ್‌ಗೆ ಹೈದರಾಬಾದಿನ ತನಕ ಹೋಗಬೇಕಿಲ್ಲ, ರಾಯಚೂರಿನಲ್ಲೇ ಆಗುತ್ತದೆ. ಇಂಪ್ಲಾಂಟ್ ಇದೆ ಎಂದು ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳಬೇಕು. ನಾಚಿಕೆಪಟ್ಟು ಅದನ್ನು ಮುಚ್ಚಿಟ್ಟರೆ ಸ್ಕ್ಯಾನ್ ಮಾಡಿಸಿಯೂ ಪ್ರಯೋಜನವಿಲ್ಲ.

“ಎಲ್ಲ ಡಾಕ್ಟರ್ ದುಡ್ಡು ಹೊಡೆಯುವ ದಾರಿ.” ಇದರಲ್ಲಿ ಅರ್ಧ ನಿಜವಿದೆ, ಒಪ್ಪಿಬಿಡೋಣ. ಮೊದಲ ಆಪರೇಷನ್ ಆಗಿ ಎರಡು ತಿಂಗಳಿಗೇ ‘ಸರಿ ಕೂತಿಲ್ಲ, ಮತ್ತೆ ಮಾಡೋಣ’ ಎನ್ನುವವರ ಮೇಲೆ ಅನುಮಾನ ಇರಲಿ. ಊತ ಇಳಿದು ಆಕಾರ ನೆಲೆಯಾಗಲು ತಿಂಗಳುಗಳೇ ಬೇಕು. ಸೋಂಕು, ರಕ್ತ ತುಂಬಿಕೊಳ್ಳುವುದು ಇಂಥ ತುರ್ತು ಇಲ್ಲದಿದ್ದರೆ ಕಾಯುವುದೇ ಸರಿ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟದ ಕೆಲಸ ಎಂಬುದೂ ನಿಜ: ಗಾಯದ ಕಲೆ ಇರುತ್ತದೆ, ಮೇಲಿನ ಚರ್ಮ ತೆಳುವಾಗಿರುತ್ತದೆ, ಅಂದುಕೊಂಡಂತೆ ಬರುತ್ತದೆ ಎಂಬ ಖಾತ್ರಿ ಕಡಿಮೆ. ಎರಡನೆಯದು ಮೂರನೆಯದಕ್ಕೆ ದಾರಿ ಮಾಡಿಕೊಟ್ಟ ಉದಾಹರಣೆಗಳೂ ಇವೆ. ಆದರೆ ದುಡ್ಡಿನಾಸೆಯ ಡಾಕ್ಟರಿಗೆ ಮದ್ದು ಇನ್ನೊಬ್ಬ ಡಾಕ್ಟರ ಅಭಿಪ್ರಾಯ. ಆ ಇನ್ನೊಬ್ಬರು ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂ.ಸಿಎಚ್. ಅಥವಾ ಡಿಎನ್‌ಬಿ ಮಾಡಿದವರಾಗಿರಬೇಕು. ಬೋರ್ಡಿನ ಮೇಲೆ ‘ಕಾಸ್ಮೆಟಿಕ್’ ಎಂದು ಬರೆಸಿದವರೆಲ್ಲ ಸರ್ಜನ್ ಅಲ್ಲ.

ಈ ಮಾತು ಮುಗಿಯುವ ಮೊದಲೇ ಒಬ್ಬರು ಚೇತನಾ ರಾಜ್ ಹೆಸರೆತ್ತುತ್ತಾರೆ. ಕನ್ನಡ ಕಿರುತೆರೆಯ ಆ 21 ವರ್ಷದ ನಟಿ 2022ರ ಮೇ 16ರಂದು, ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. “ನೋಡಿದಿರಾ, ಕತ್ತಿ ಹಿಡಿಸಿದರೆ ಹೀಗೇ.” ಆ ಸಾವು ನನ್ನನ್ನೂ ಕಾಡಿದೆ. ಆದರೆ ಅದರಿಂದ ಕಲಿಯಬೇಕಾದದ್ದು ಬೇರೆ: ಅರಿವಳಿಕೆ ತಜ್ಞರು, ತೀವ್ರ ನಿಗಾ ಘಟಕ ಇಲ್ಲದ ಕಡೆ ಯಾವ ಆಪರೇಷನ್ನೂ ಬೇಡ. ಆಕೆ ಮನೆಯವರಿಗೆ ತಿಳಿಸದೆ ಹೋಗಿದ್ದರೆಂದು ಆಗ ಪತ್ರಿಕೆಗಳು ಬರೆದಿದ್ದವು. ಹೇಳಿದರೆ ಬೈಸಿಕೊಳ್ಳಬೇಕು ಎಂಬ ಭಯ ನಮ್ಮ ಹುಡುಗಿಯರನ್ನು ಒಂಟಿಯಾಗಿ ಆಪರೇಷನ್ ಟೇಬಲ್ಲಿಗೆ ಕಳಿಸುತ್ತದೆ. ಆ ಭಯ ಹುಟ್ಟಿಸುವವರೇ ಈ ಉದಾಹರಣೆ ಕೊಡುವುದು ವಿಪರ್ಯಾಸ.

ಇಷ್ಟರವರೆಗೆ ‘ಸುಮ್ಮನಿರು’ ಎನ್ನುವವರ ಮಾತಾಯಿತು. ಎದುರು ದಡದಲ್ಲಿ, ಮೊಬೈಲಿನ ವಿಡಿಯೊ ನೋಡಿ “ಅದು ವಿಷ, ನಾಳೆಯೇ ತೆಗೆಸು, ಪೊರೆ ಸಮೇತ ಪೂರ್ತಿ ಕೀಳಿಸು” ಎನ್ನುವವರಿದ್ದಾರೆ. ಅವರ ಭಯಕ್ಕೆ ಆಧಾರ ಇಲ್ಲವೆನ್ನಲಾರೆ. ಫ್ರಾನ್ಸಿನ ಪಿಐಪಿ ಕಂಪನಿ ವೈದ್ಯಕೀಯ ಸಿಲಿಕೋನ್ ಬದಲು ಕಾರ್ಖಾನೆ ದರ್ಜೆಯ ಸಿಲಿಕೋನ್ ತುಂಬಿ ಮಾರಿತು. 2010ರಲ್ಲಿ ಸಿಕ್ಕಿಬಿತ್ತು, 2013ರಲ್ಲಿ ಅದರ ಮಾಲೀಕ ಜಾನ್ ಕ್ಲೋಡ್ ಮಾಸ್‌ಗೆ ನಾಲ್ಕು ವರ್ಷ ಶಿಕ್ಷೆಯಾಯಿತು. 2019ರ ಜುಲೈಯಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಎಂಬ ಒರಟು ಮೈಯ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು, ಅವಕ್ಕೂ ಅಪರೂಪದ ಒಂದು ಲಿಂಫೋಮಾ ಕ್ಯಾನ್ಸರಿಗೂ ನಂಟು ಕಂಡಿದ್ದರಿಂದ. ಇಷ್ಟಾದರೂ, ಯಾವ ತೊಂದರೆಯೂ ಇಲ್ಲದವರು ಬಯೋಸೆಲ್ ತೆಗೆಸಲೇಬೇಕೆಂದು ಎಫ್‌ಡಿಎ ಹೇಳಲಿಲ್ಲ. ತೆಗೆಸುವುದೂ ಒಂದು ಆಪರೇಷನ್ನೇ; ಪೊರೆಯನ್ನು ಪೂರ್ತಿ ಕೀಳುವಾಗ ರಕ್ತಸ್ರಾವದ ಅಪಾಯವಿದೆ, ಅದು ಪಕ್ಕೆಲುಬಿಗೆ ಅಂಟಿದ್ದರೆ ಶ್ವಾಸಕೋಶದ ಹೊದಿಕೆಗೂ ಪೆಟ್ಟಾಗಬಹುದು. ಕ್ಯಾನ್ಸರ್ ಇದ್ದರೆ ಹಾಗೆ ಕೀಳಲೇಬೇಕು. ಉಳಿದವರ ಮಾತು ಬೇರೆ. ಓಡಬೇಕಾದ ಲಕ್ಷಣ ಒಂದಿದೆ: ಹಾಕಿಸಿ ವರ್ಷಗಳಾದ ಮೇಲೆ ಒಂದು ಎದೆ ಇದ್ದಕ್ಕಿದ್ದಂತೆ ಬಾತುಕೊಂಡರೆ ತಡಮಾಡಬಾರದು, ಒಳಗಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಲೇಬೇಕು. ತಿಂಗಳುಗಟ್ಟಲೆ ಸುಸ್ತು, ಕೀಲುನೋವು ಎನ್ನುವವರ ಮಾತನ್ನೂ ತಳ್ಳಿಹಾಕದೆ ಕೇಳಬೇಕು. ಥೈರಾಯ್ಡ್, ರಕ್ತಹೀನತೆ ನೋಡಿದ ಮೇಲೆ ತೆಗೆಸುವ ನಿರ್ಧಾರ ಆಕೆಗೆ ಬಿಟ್ಟದ್ದು.

“ದೇವರು ಕೊಟ್ಟ ಮೈ” ಎಂಬ ವಾದಕ್ಕೆ ಹೆಚ್ಚು ಹೇಳಲಾರೆ. ಕಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡ ಅಜ್ಜಂದಿರು ಇದನ್ನು ಹೇಳುವಾಗ ನಗು ತಡೆಯುವುದು ಕಷ್ಟ.

“ಸರ್ಕಾರದ ದುಡ್ಡು ಇದಕ್ಕೆಲ್ಲ ಯಾಕೆ?” 2018ರಲ್ಲಿ ತಮಿಳುನಾಡು ಸರ್ಕಾರ ಚೆನ್ನೈನ ಸ್ಟ್ಯಾನ್ಲಿ ವೈದ್ಯಕೀಯ ಕಾಲೇಜಿನಲ್ಲಿ ಬಡವರಿಗೆ ಸ್ತನದ ಶಸ್ತ್ರಚಿಕಿತ್ಸೆ ಉಚಿತ ಎಂದಾಗಲೂ ಇದೇ ಗದ್ದಲ ಎದ್ದಿತ್ತು. ಮೊದಲ ಆಪರೇಷನ್ ಖರ್ಚಿನ ಬಗ್ಗೆ ವಾದ ಮಾಡೋಣ, ತಕರಾರಿಲ್ಲ. ಒಡೆದ ಇಂಪ್ಲಾಂಟ್, ಕೀವು, ನಾಲ್ಕನೇ ಹಂತದ ಬಿಗಿತ, ಇವು ಕಾಯಿಲೆಗಳು. ಇವಕ್ಕೆ ಚಿಕಿತ್ಸೆ ಕೊಡುವುದು ಸೌಂದರ್ಯಕ್ಕೆ ದುಡ್ಡು ಸುರಿದಂತಲ್ಲ. ಟ್ರಾನ್ಸ್‌ಜೆಂಡರ್ ಮಹಿಳೆಯರ ವಿಷಯದಲ್ಲಂತೂ ಇದು ಕಾನೂನೇ ಆಗಿದೆ. 2019ರ ಕಾಯ್ದೆಯ 15ನೇ ಸೆಕ್ಷನ್ ಶಸ್ತ್ರಚಿಕಿತ್ಸೆ, ಹಾರ್ಮೋನ್ ಚಿಕಿತ್ಸೆ, ಅದರ ಮುಂಚಿನ ಮತ್ತು ನಂತರದ ಆಪ್ತಸಮಾಲೋಚನೆಯ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ. ವರ್ಷಕ್ಕೆ 5 ಲಕ್ಷ ರೂಪಾಯಿಯ ವಿಮೆಗಾಗಿ 2022ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಒಪ್ಪಂದವೂ ಆಯಿತು. ಹುಲಿಗಿ, ಸವದತ್ತಿಯ ಜೋಗತಿಯರಿಗೆ ಹಡಲಿಗೆ ತುಂಬಿ ಕೈಮುಗಿಯುವ ಜಿಲ್ಲೆ ನಮ್ಮದು. ಅದೇ ಸಮುದಾಯದವರು ಎದೆನೋವೆಂದು ಓಪಿಡಿ ಸಾಲಿನಲ್ಲಿ ನಿಂತರೆ ಮಾತ್ರ ಮುಖ ತಿರುಗಿಸುತ್ತೇವೆ.

“ಇಲ್ಲಿ ಆಗಲ್ಲ, ಎಲ್ಲಿ ಮಾಡಿಸಿದೆಯೋ ಅಲ್ಲಿಗೇ ಹೋಗು.” ಇದು ಬಿಳಿ ಕೋಟಿನವರ ಮಾತು. ಏಮ್ಸ್ ಬೇಕೆಂದು 2022ರ ಮೇ 13ರಂದು ಶುರುವಾದ ಧರಣಿ ಸಾವಿರ ದಿನ ದಾಟಿದ ಊರಿನಲ್ಲಿ ತಜ್ಞರ ಕೊರತೆಯನ್ನು ಯಾರೂ ಅಲ್ಲಗಳೆಯಲಾರರು. ಬೆಂಗಳೂರು ಸುಮಾರು 400 ಕಿ.ಮೀ. ದೂರ; ಹೈದರಾಬಾದ್ ಹತ್ತಿರವೆಂದು ಜನ ಅಲ್ಲಿಗೇ ಹೋಗುತ್ತಾರೆ, ಆಪರೇಷನ್ ಮಾಡಿಸಿಕೊಂಡು ಬರುತ್ತಾರೆ, ಆಮೇಲಿನ ತಪಾಸಣೆಗೆ ರಜೆ, ದುಡ್ಡು, ನೆಪ ಮೂರೂ ಸಿಗದೆ ನಿಲ್ಲಿಸುತ್ತಾರೆ. ಆದರೆ ಕೈಯಿಂದ ಮುಟ್ಟಿ ನೋಡುವುದು, ಸ್ಕ್ಯಾನ್ ಬರೆದುಕೊಡುವುದು, ಸೋಂಕಿದ್ದರೆ ಗುರುತಿಸುವುದು, ಸರಿಯಾದ ಕಡೆಗೆ ಚೀಟಿ ಬರೆಯುವುದು, ಇಷ್ಟು ಮಾನ್ವಿಯ ತಾಲ್ಲೂಕು ಆಸ್ಪತ್ರೆಯಲ್ಲೂ ಸಾಧ್ಯ. ಸ್ತ್ರೀರೋಗ ತಜ್ಞೆಯರು ಇಷ್ಟು ಮಾಡಿದರೆ ಅರ್ಧ ಹೆಣ್ಣುಮಕ್ಕಳ ನಿದ್ದೆ ಮರಳುತ್ತದೆ.

ಕೊನೆಯದು, “ಕಾಗದಗೀಗದ ಇಟ್ಕೋಬ್ಯಾಡ, ಯಾರರ ನೋಡ್ಯಾರು.” ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ಸಲಹೆ ಇದು. ಯಾವ ಕಂಪನಿಯದು, ಯಾವ ಅಳತೆ, ಸೀರಿಯಲ್ ನಂಬರ್ ಎಷ್ಟು, ಸ್ನಾಯುವಿನ ಮೇಲೋ ಕೆಳಗೋ ಎಂಬುದು ಗೊತ್ತಿಲ್ಲದೆ ಎರಡನೇ ಸರ್ಜನ್ ಕತ್ತಲಲ್ಲಿ ಕೈಯಾಡಿಸಬೇಕು. ನಾಳೆ ಇನ್ನೊಂದು ಕಂಪನಿ ಮಾಲು ಹಿಂತೆಗೆದುಕೊಂಡರೆ ನಿಮ್ಮೊಳಗಿರುವುದು ಅದೇನಾ ಎಂದು ತಿಳಿಯಲು ಬೇರೆ ದಾರಿಯಿಲ್ಲ. ವೈದ್ಯರ ನಡವಳಿಕೆಯ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟರೆ ಸಾಕು; ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಇಂಪ್ಲಾಂಟ್ ಹತ್ತು ವರ್ಷ ಒಳಗಿರುತ್ತದೆ, ಆಸ್ಪತ್ರೆಯ ಕಾಗದ ಮೂರೇ ವರ್ಷಕ್ಕೆ ರದ್ದಿಗೆ ಹೋಗಬಹುದು. ವೈದ್ಯಕೀಯ ಸೇವೆಯೂ ಗ್ರಾಹಕ ಕಾಯ್ದೆಯ ಒಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಆದರೆ ಕಾಗದವಿಲ್ಲದೆ ಯಾವ ಆಯೋಗದ ಮುಂದೆಯೂ ನಿಲ್ಲಲಾಗದು. ಆದ್ದರಿಂದ, ಎರಡನೇ ಆಪರೇಷನ್ ಮಾಡಿಸುತ್ತೀರೋ ಬಿಡುತ್ತೀರೋ ಆಮೇಲೆ ನೋಡೋಣ. ಮೊದಲ ಆಪರೇಷನ್ ಆಗಿ ಮೂರು ವರ್ಷ ತುಂಬದವರು ಈ ವಾರವೇ ಆ ಆಸ್ಪತ್ರೆಗೆ ಅರ್ಜಿ ಬರೆದು ಡಿಸ್ಚಾರ್ಜ್ ಸಾರಾಂಶ, ಆಪರೇಷನ್ ಟಿಪ್ಪಣಿ, ಇಂಪ್ಲಾಂಟ್ ಸ್ಟಿಕ್ಕರಿನ ಪ್ರತಿ ಕೇಳಿ, ಅರ್ಜಿ ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿ.