ಕಾಣದ ಉರಿ ಸುಳ್ಳಲ್ಲ

ಹಸಿಮೆಣಸಿನಕಾಯಿ ಹೆಚ್ಚಿದ ಮೇಲೆ ಅಮ್ಮನ ಬೆರಳುಗಳು ಬಹಳ ಹೊತ್ತು ಉರಿಯುತ್ತವೆ. ಬೆರಳು ಬೆಂಕಿಗೆ ತಾಗಿಲ್ಲ, ಬೊಬ್ಬೆ ಎದ್ದಿಲ್ಲ. ಆದರೂ ‘ಉರಿ ಎಲ್ಲಿದೆ ತೋರಿಸು’ ಎಂದು ಮನೆಯಲ್ಲಿ ಯಾರೂ ಆಕೆಯನ್ನು ಕೇಳುವುದಿಲ್ಲ. ಹೇಳಿದ್ದನ್ನು ನಂಬುತ್ತಾರೆ.

ಅದೇ ಮನೆಯಲ್ಲಿ ಸೋರಿಯಾಸಿಸ್ ಇರುವ ಹೈಸ್ಕೂಲು ಹುಡುಗಿಯೊಬ್ಬಳಿದ್ದಾಳೆ ಎಂದಿಟ್ಟುಕೊಳ್ಳಿ. ಮೊಣಕೈ, ಮೊಣಕಾಲುಗಳ ಮೇಲೆ ಬಿಳಿ ಹೊಟ್ಟು ಏಳುವ ಕೆಂಪು ಮಚ್ಚೆಗಳಿವೆ. ಒಂದು ರಾತ್ರಿ ಆಕೆ, ‘ಅಮ್ಮಾ, ಬೆನ್ನ ಮೇಲೆ ಇರುವೆ ಹರಿದ ಹಾಗಾಗ್ತಿದೆ, ಕಾಲಿಗೆ ಸೂಜಿ ಚುಚ್ಚಿದ ಹಾಗಿದೆ’ ಎನ್ನುತ್ತಾಳೆ. ಅಮ್ಮ ದೀಪ ಹಾಕಿ ನೋಡಿದರೆ ಅಲ್ಲಿ ಮಚ್ಚೆಯೂ ಇಲ್ಲ, ಇರುವೆಯೂ ಇಲ್ಲ. ‘ಪರೀಕ್ಷೆ ಹತ್ತಿರ ಬಂತಲ್ಲ, ಅದಕ್ಕೇ ಈ ನೆಪ’ ಎನ್ನುತ್ತಾರೆ ಅಪ್ಪ. ಎರಡು ಸಲ ಹೀಗಾದರೆ ಮೂರನೆಯ ಸಲ ಹುಡುಗಿ ಹೇಳುವುದನ್ನೇ ಬಿಡುತ್ತಾಳೆ. ತೊಂದರೆ ಮಾತ್ರ ಹೋಗಿರುವುದಿಲ್ಲ.

ಮೆಣಸಿನಕಾಯಿಯ ಉರಿಗೆ ವಿಜ್ಞಾನ ಉತ್ತರ ಕೊಟ್ಟಿದೆ. ಚರ್ಮದ ನರತುದಿಗಳಲ್ಲಿ ಬಿಸಿಯನ್ನು ಗುರುತಿಸುವ ಒಂದು ಪ್ರೋಟೀನ್ ಇದೆ. ಶಾಖ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಬಾಗಿಲಿನಂತೆ ತೆರೆದುಕೊಂಡು ಮಿದುಳಿಗೆ ‘ಸುಡುತ್ತಿದೆ’ ಎಂಬ ಸುದ್ದಿ ಮುಟ್ಟಿಸುತ್ತದೆ. ಮೆಣಸಿನಲ್ಲಿರುವ ಕ್ಯಾಪ್ಸೈಸಿನ್ ಬಿಸಿಯೇ ಇಲ್ಲದೆ ಅದೇ ಬಾಗಿಲನ್ನು ತೆರೆಯುತ್ತದೆ. 1997ರಲ್ಲಿ ಇದನ್ನು ಪತ್ತೆ ಮಾಡಿದ ತಂಡದ ಮುಖ್ಯಸ್ಥ, ಅಮೆರಿಕದ ಡೇವಿಡ್ ಜೂಲಿಯಸ್. ಸ್ಪರ್ಶವನ್ನು ಗುರುತಿಸುವ ಪ್ರೋಟೀನುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ 2021ರ ನೊಬೆಲ್ ಪ್ರಶಸ್ತಿಯನ್ನು ಅವರು ಹಂಚಿಕೊಂಡರು. ಕಣ್ಣಿಗೆ ಗಾಯ ಕಾಣದಿದ್ದರೂ ನರದ ಸುದ್ದಿ ನಿಜವಾದದ್ದೇ.

ಸೋರಿಯಾಸಿಸ್ ಅಂಟುರೋಗವಲ್ಲ. ದೇಹದ ರಕ್ಷಣಾ ವ್ಯವಸ್ಥೆ ದಾರಿತಪ್ಪಿ ಚರ್ಮವನ್ನು ಕೆರಳಿಸುವುದರಿಂದ ಬರುವಂಥದು. ಸಾಮಾನ್ಯವಾಗಿ ಸುಮಾರು ಒಂದು ತಿಂಗಳಲ್ಲಿ ಹೊಸದಾಗುವ ಮೇಲ್ಚರ್ಮ, ಇಲ್ಲಿ ಕೆಲವೇ ದಿನಗಳಲ್ಲಿ ಪದರಪದರವಾಗಿ ಏಳುತ್ತದೆ. ಉರಿಯೂತದ ರಾಸಾಯನಿಕಗಳು ನರತುದಿಗಳನ್ನೂ ಸೂಕ್ಷ್ಮಗೊಳಿಸುತ್ತವೆ. ಆಗ ಬಟ್ಟೆಯ ಉಜ್ಜುವಿಕೆ, ಬೆವರು ಕೂಡ ನವೆಯಾಗಿ, ಚುರುಚುರು ಉರಿಯಾಗಿ ಕಾಡಬಹುದು.

ಮಿದುಳಿನ ಪಾತ್ರವೂ ಇದೆ. ತರಗತಿಯಲ್ಲಿ ಹೇನಿನ ಮಾತೆತ್ತಿದರೆ ಸಾಕು, ಹಲವರ ಕೈ ತಲೆಗೆ ಹೋಗುತ್ತದೆ! ಆತಂಕ, ನಿದ್ರೆಗೇಡು ಇದ್ದಾಗ ಇಂಥ ಸುದ್ದಿಗಳು ಇನ್ನಷ್ಟು ಜೋರಾಗಿ ಕೇಳಿಸುತ್ತವೆ. ಹಾಗೆಂದು ಅದು ನಾಟಕವಲ್ಲ.

ಎಲ್ಲವನ್ನೂ ಸೋರಿಯಾಸಿಸ್ ಮೇಲೆ ಹೊರಿಸುವುದೂ ಸರಿಯಲ್ಲ. ವಿಟಮಿನ್ ಬಿ12 ಕೊರತೆ, ಮಧುಮೇಹ, ನರದ ಮೇಲಿನ ಒತ್ತಡ, ಕೆಲವು ಔಷಧಿಗಳು ಕೂಡ ಜುಮುಗುಡುವಿಕೆಗೆ ಕಾರಣವಾಗಬಹುದು. ಕೈಕಾಲಿನಲ್ಲಿ ಶಕ್ತಿ ಕುಂದಿದರೆ, ಕೀಲು ಊದಿಕೊಂಡರೆ, ಬೆಳಿಗ್ಗೆ ಏಳುವಾಗ ಕೀಲುಗಳು ಬಿಗಿದುಕೊಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮುಟ್ಟಿದರೆ ಗೊತ್ತಾಗದಂಥ ಮಚ್ಚೆಯಿದ್ದರೆ ಕುಷ್ಠರೋಗದ ತಪಾಸಣೆ ಅಗತ್ಯ. ಅದಕ್ಕೆ ಪೂರ್ಣ ಗುಣವಾಗುವ ಚಿಕಿತ್ಸೆ ಇದೆ. ಎಲ್ಲ ಪರೀಕ್ಷೆಯ ಬಳಿಕವೂ ಕೆಲವೊಮ್ಮೆ ಕಾರಣ ಸಿಗುವುದಿಲ್ಲ. ಕಾರಣ ಸಿಗಲಿಲ್ಲ ಎಂದರೆ ತೊಂದರೆಯೇ ಇಲ್ಲ ಎಂದಲ್ಲ.

ವೈದ್ಯರ ಬಳಿ ಹೋಗುವ ಮುನ್ನ ವಿದ್ಯಾರ್ಥಿ ಮಾಡಬಹುದಾದ ಕೆಲಸವೊಂದಿದೆ. ಪ್ರಯೋಗಶಾಲೆಯ ರೆಕಾರ್ಡಿನಂತೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ದಿನಾಂಕ, ಸಮಯ, ಜಾಗ, ಉರಿಯೋ ನವೆಯೋ ಚುಚ್ಚೋ, ಎಷ್ಟು ಹೊತ್ತು ಇತ್ತು, ಹತ್ತಕ್ಕೆ ಎಷ್ಟು ಅಂಕದಷ್ಟು ತೀವ್ರ ಎಂದು ಎರಡು ವಾರ ಬರೆಯಬೇಕು. ಬಿಸಿನೀರಿನ ಸ್ನಾನದ ಬಳಿಕವೋ, ಟೆರಿಲಿನ್ ಬಟ್ಟೆ ತೊಟ್ಟಾಗಲೋ, ನಿದ್ದೆಗೆಟ್ಟ ರಾತ್ರಿಯೋ ಎಂಬುದು ಅದರಿಂದ ತಿಳಿದೀತು.

ಉರಿ ಬಂದಾಗ ತಂಪು ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಕೆಲ ನಿಮಿಷ ಇಡಬಹುದು. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಮೈ ಒರೆಸಿದ ಕೂಡಲೇ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿದರೆ ತೇವ ಉಳಿಯುತ್ತದೆ. ಉಗುರು ಚಿಕ್ಕದಾಗಿರಲಿ. ಸೋರಿಯಾಸಿಸ್ ಇರುವವರಲ್ಲಿ ಕೆರೆದು ಗಾಯವಾದ ಜಾಗದಲ್ಲೇ ಹೊಸ ಮಚ್ಚೆ ಏಳಬಹುದು. 19ನೇ ಶತಮಾನದಲ್ಲೇ ಜರ್ಮನಿಯ ವೈದ್ಯ ಹೈನ್ರಿಚ್ ಕೋಬ್ನರ್ ಇದನ್ನು ಗುರುತಿಸಿದ್ದರು. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮನ್ನು ತಾವಾಗಿ ಹಚ್ಚುವುದು, ವೈದ್ಯರು ಕೊಟ್ಟದ್ದನ್ನು ಕೇಳದೆ ನಿಲ್ಲಿಸುವುದು, ಎರಡೂ ಅಪಾಯ.

ಇವೆಲ್ಲಕ್ಕಿಂತ ಮೊದಲು ಬೇಕಾದ ಔಷಧಿ ತಂದೆ ತಾಯಿಯ ಬಳಿಯೇ ಇದೆ. ‘ಏನೂ ಕಾಣ್ತಿಲ್ಲವಲ್ಲ’ ಎನ್ನುವ ಬದಲು ‘ಎಲ್ಲಿ ಉರೀತಿದೆ ಮಗಳೇ, ಯಾವಾಗಿಂದ?’ ಎಂದು ಕೇಳಿದರೆ ಸಾಕು. ಮೆಣಸಿನಕಾಯಿ ಹೆಚ್ಚಿದ ಕೈಗೆ ಆ ಪ್ರಶ್ನೆಯ ಬೆಲೆ ಗೊತ್ತಿರುತ್ತದೆ.