ಯಂತ್ರ ಅಳಿದರೂ ಉಳಿಯುವ ಕಡತ

ದೂರದರ್ಶನ, ಧ್ವನಿವರ್ಧಕ ಮೊದಲಾದ ಗೃಹೋಪಕರಣಗಳನ್ನೆಲ್ಲ ಒಂದೇ ಸ್ಪರ್ಶಪರದೆಯಿಂದ ಆಳಬಹುದೆಂದು ಕಳೆದ ಶತಮಾನದ ಅಂತ್ಯದಲ್ಲಿ ತೋರಿಸಿಕೊಟ್ಟ ಫಿಲಿಪ್ಸ್ ಸಂಸ್ಥೆಯ ‘ಪ್ರೋಂಟೊ’ ರಿಮೋಟಿನ ನಿಜವಾದ ಹಿರಿಮೆಯು ಅದರ ಗಾಜಿನಲ್ಲಾಗಲಿ ಕವಚದಲ್ಲಾಗಲಿ ಇರದೆ, ಸಿಸಿಎಫ್ ಎಂಬ ಸಂರಚನಾ ಕಡತದಲ್ಲಿ ನೆಲೆಸಿದ್ದಿತು. ಪುಟಗಳ ವಿನ್ಯಾಸ, ಗುಂಡಿಗಳ ಚಿತ್ರ, ಒಂದೇ ಸ್ಪರ್ಶಕ್ಕೆ ಅನುಕ್ರಮವಾಗಿ ಜರುಗಬೇಕಾದ ಕ್ರಿಯೆಗಳು, ಅವಕೆಂಪು ಸಂಕೇತಗಳು, ಇವೆಲ್ಲವೂ ಅದರಲ್ಲಿ ಅಡಕವಾಗಿದ್ದವು.

ಸಂಕೇತವಾದರೋ ಷೋಡಶಮಾನ ಸಂಖ್ಯೆಗಳ ಒಂದು ಸಾಲು: ಆದಿಯ 0000 ಎಂಬುದು ಅದು ಬೇರೊಂದು ರಿಮೋಟಿನಿಂದ ಕಲಿತ ಬಗೆಯದೆಂದು ಸಾರುವುದು, ಎರಡನೆಯ ಸಂಖ್ಯೆ ವಾಹಕ ತರಂಗದ ಆವೃತ್ತಿಯನ್ನು ತಿಳಿಸುವುದು, 006ಡಿ ಎಂದಿದ್ದರೆ ಸುಮಾರು 38 ಕಿಲೋಹರ್ಟ್ಸ್, ಮುಂದಿನ ಎರಡು, ಒಮ್ಮೆ ಕಳುಹುವ ಮತ್ತು ಮರುಕಳಿಸುವ ಮಿಡಿತಗಳ ಜೋಡಿಗಳ ಎಣಿಕೆ, ಉಳಿದವು ಕಿರಣವು ಬೆಳಗಿ ಆರುವ ಕಾಲಾವಧಿಗಳು.

ಗ್ರಾಹಕನು ತನ್ನ ಕಂಪ್ಯೂಟರಿನಲ್ಲಿ ಈ ಕಡತವನ್ನು ತೆರೆದು, ತಿದ್ದಿ, ರಿಮೋಟಿಗೆ ಮರಳಿ ತುಂಬಬಹುದಾಗಿದ್ದಿತು. ಮಿತ್ರನೊಬ್ಬನು ರಚಿಸಿದ ಪುಟವನ್ನು ತನ್ನದಾಗಿಸಿಕೊಳ್ಳಬಹುದಾಗಿದ್ದಿತು. ಪ್ರೋಂಟೊ ಮಾರುಕಟ್ಟೆಯಿಂದ ಮರೆಯಾಗಿ ವರ್ಷಗಳು ಸಂದರೂ ಆ ಸಂಕೇತಲಿಪಿ ಇಂದಿಗೂ ಅನ್ಯ ಉಪಕರಣಗಳಲ್ಲಿ ಬಳಕೆಯಲ್ಲಿರುವುದಕ್ಕೆ ಕಾರಣ, ಅದು ಹಲವರಿಗೆ ಅರ್ಥವಾಗುವಂತಿದ್ದುದೇ ಅಲ್ಲವೇ?

ಇಂದು ಅನೇಕ ಉಪಕರಣಗಳ ಸಂರಚನೆಯು ತಯಾರಕನ ದೂರದ ಸರ್ವರಿನಲ್ಲಿ ಬಂದಿಯಾಗಿದ್ದು, ಆ ಸೇವೆ ನಿಂತೊಡನೆ ಮನೆಯೊಡೆಯನ ಪರಿಶ್ರಮವೆಲ್ಲ ನಷ್ಟವಾಗುವ ಭಯವಿದೆ. ಆದಕಾರಣ, ಯಂತ್ರವನ್ನು ಕೊಂಡವನಿಗೆ ಅದರ ಕಡತವನ್ನು ಓದುವ, ತಿದ್ದುವ, ಕಾಪಿಡುವ ಅಧಿಕಾರವೂ ದೊರೆಯತಕ್ಕದ್ದು. ಅದಿಲ್ಲದ ಒಡೆತನವು ಅಪೂರ್ಣವೇ ಸರಿ.