ಹತ್ತನೇ ಆದ ಮೇಲೆ ಕನ್ನಡ ಎಲ್ಲಿಗೆ ಹೋಗಬೇಕು?



ಜೂನ್ ಬಂತಂದ್ರ ನಮ್ಮ ಕಡೆ ಒಂದು ದೃಶ್ಯ ತಪ್ಪೂದಿಲ್ಲ. ಹತ್ತನೇ ಪಾಸಾದ ಮಕ್ಕಳು ಮಾರ್ಕ್ಸ್‌ಕಾರ್ಡು, ದಾಖಲಾ ಹಿಡಕೊಂಡು ಗಡಹಿಂಗ್ಲಜಕ್ಕೋ, ಇಚಲಕರಂಜಿಗೋ, ಕೊಲ್ಹಾಪುರಕ್ಕೋ ಎಸ್‌ಟಿ ಬಸ್ ಹತ್ತುತ್ತಾರೆ. ನಮ್ಮಲ್ಲೊಬ್ಬರು ಹೀಗೇ ಒಬ್ಬ ಹುಡುಗಿಯ ಜೊತೆ ಅಕರಾವಿ ಅರ್ಜಿ ತುಂಬಿಸಲಿಕ್ಕೆ ಹೋಗಿದ್ದರು. ಭಾಷೆಯ ಕಾಲಂ ಬಂತು. "ಕನ್ನಡ" ಅಂದಳು ಹುಡುಗಿ. ಕಿಟಕಿಯಾಚೆ ಕೂತವರು ಕೆಟ್ಟ ಮನುಷ್ಯರೇನಲ್ಲ, ಸಮಾಧಾನದಿಂದಲೇ ಮರಾಠಿಯಲ್ಲಿ ಹೇಳಿದರು: ಬೋರ್ಡಿನ ಪಟ್ಟಿಯಲ್ಲಿ ಕನ್ನಡ ಇದೆ ತಾಯಿ, ಕಲಿಸೋ ಮಾಸ್ತರ ನಮ್ಮಲ್ಲಿಲ್ಲ. ಹುಡುಗಿ ಬೇರೆ ಭಾಷೆಗೆ ಟಿಕ್ ಹಾಕಿ ಬಂದಳು. ಒಂದು ನಿಮಿಷದ ಕೆಲಸ. ಹತ್ತು ವರ್ಷ ಕಲಿತ ಕನ್ನಡ ಅಲ್ಲಿಗೆ ಮುಗೀತು.

ಊರಿಗೆ ಬಂದು ಆಕೆಯ ಹೈಸ್ಕೂಲ್ ಸರ್‌ಗೆ ಈ ವಿಷಯ ಹೇಳಿದರೆ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ನಾ ಕನ್ನಡದಾಗ ಎಂ.ಎ. ಮಾಡೇನ್ರೀ. ಹತ್ತನೇತ್ತೆ ತನಕ ಕಲಸ್ತೀನಿ. ಮುಂದಿಂದೂ ಕಲಸ್ತಿದ್ದೆ, ಯಾರೂ ಕೇಳಲಿಲ್ಲ."

ಈ ಮಾತು ನಮ್ಮ ತಲೆಯಿಂದ ಹೋಗ್ತಾ ಇಲ್ಲ. ಮಾಸ್ತರ ಇಲ್ಲ ಅಂತ ಕಾಲೇಜು ಹೇಳ್ತದೆ. ಮಾಸ್ತರು ಹದಿನೈದು ಕಿಲೋಮೀಟರ್ ಆಚೆ ಹಳ್ಳಿಯ ಹೈಸ್ಕೂಲಿನಲ್ಲೇ ಇದ್ದಾರೆ. ಇವರಿಬ್ಬರನ್ನು ಕೂಡಿಸೋದು ಹೇಗೆ?

ಇದಕ್ಕೊಂದು ದಾರಿಯನ್ನು ಬೇರೆ ಕಡೆ ಹಾಕಿಯೇ ಐವತ್ತು ವರ್ಷ ದಾಟಿದೆ. ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯ 1970ರ ದಶಕದ ಮೊದಲಲ್ಲಿ 'ಪ್ರಾಜೆಕ್ಟ್ ಅಡ್ವಾನ್ಸ್' ಅನ್ನೋದನ್ನು ಶುರು ಮಾಡಿತು. ಅಕ್ಕಪಕ್ಕದ ಹೈಸ್ಕೂಲುಗಳ ಶಿಕ್ಷಕರನ್ನೇ ಆರಿಸಿ, ಬೇಸಿಗೆಯಲ್ಲಿ ತರಬೇತಿ ಕೊಟ್ಟು, ಕಾಲೇಜಿನ ಪೇಪರನ್ನು ಹೈಸ್ಕೂಲಿನ ಕೋಣೆಯಲ್ಲೇ ಕಲಿಸೋ ಅಧಿಕಾರ ಕೊಟ್ಟಿತು. ಪಠ್ಯಕ್ರಮ ಕಾಲೇಜಿನದು, ಅಂಕ ಕೊಡುವ ಅಳತೆಯೂ ಕಾಲೇಜಿನದು. ಪ್ರಾಧ್ಯಾಪಕರು ಆಗಾಗ ಬಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನೋಡ್ತಾರೆ. ಪಾಸಾದ ಹುಡುಗನ ಹೆಸರಿಗೆ ವಿಶ್ವವಿದ್ಯಾಲಯದ ಕ್ರೆಡಿಟ್ ಜಮಾ ಆಗ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲೂ 1986ರಿಂದ ಇಂಥದ್ದೇ ಯೋಜನೆ ಇದೆ, ಅದರಲ್ಲಿ ಭಾಷೆಯ ಪೇಪರುಗಳೂ ಇವೆ. ಇಂಥ ಕಾರ್ಯಕ್ರಮಗಳ ಗುಣಮಟ್ಟ ನೋಡಿಕೊಳ್ಳಲಿಕ್ಕೆ 1999ರಲ್ಲಿ ಒಂದು ರಾಷ್ಟ್ರೀಯ ಒಕ್ಕೂಟವೇ ಹುಟ್ಟಿತು. ಅಂದ್ರ ಯಾರೋ ಪುಕ್ಕಟೆ ಸರ್ಟಿಫಿಕೇಟ್ ಹಂಚೋ ದಂಧೆ ಅಲ್ಲ ಇದು.

"ಅದು ಅಮೆರಿಕ, ನಮ್ಮಲ್ಲಿ ಹೆಂಗ?" ಅಂತೀರಿ. ನಮ್ಮ ಕಾಗದಪತ್ರ ನೋಡೋಣ.

ಯುಜಿಸಿ 2021ರ ಜುಲೈನಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮ ತಂದಿತು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ ಬ್ಯಾಂಕಿನ ದುಡ್ಡಿನ ಹಾಗೆ ಖಾತೆಯಲ್ಲಿರ್ತದೆ, ಗರಿಷ್ಠ ಏಳು ವರ್ಷ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆ, ಕಾಲೇಜು ಎರಡನ್ನೂ ಒಂದೇ ಏಣಿಗೆ ಸೇರಿಸಿತು. ಹತ್ತನೇ ಪಾಸಾದರೆ 3ನೇ ಮೆಟ್ಟಿಲು, ಹನ್ನೆರಡಕ್ಕೆ 4, ಪದವಿಯ ಮೊದಲ ವರ್ಷಕ್ಕೆ 4.5. ಈ ಅರ್ಧ ಮೆಟ್ಟಿಲೇ ನಮ್ಮ ತಕರಾರಿನ ಜಾಗ. ಬಾರಾವಿಯಲ್ಲಿ ಕಲಿತ ಕನ್ನಡವನ್ನು ಪದವಿಯ ಕನ್ನಡ ಅಂತ ಯಾರೂ ಒಪ್ಪೋದಿಲ್ಲ, ಒಪ್ಪಲೂಬಾರದು. ಹೈಸ್ಕೂಲಿನ ಶಿಕ್ಷಕರು ಪದವಿಯ ಪೇಪರನ್ನೇ ಕಲಿಸಬೇಕು, ಪರೀಕ್ಷೆಯನ್ನು ಕಾಲೇಜು ಮಾಡಬೇಕು. ಕಾಲೇಜಿನ ಜೊತೆ ಒಪ್ಪಂದ ಬೇಕು ಅನ್ನೋದು ಇದಕ್ಕೇ.

ಲೆಕ್ಕ ದೊಡ್ಡದೇನಲ್ಲ. ಮೂರು ವರ್ಷದ ಪದವಿಗೆ 120 ಕ್ರೆಡಿಟ್. ಯುಜಿಸಿಯ 2022ರ ಪಠ್ಯಚೌಕಟ್ಟಿನಲ್ಲಿ ಭಾಷಾ ಸಾಮರ್ಥ್ಯದ ಪೇಪರುಗಳಿಗೆ ಅಂತಲೇ 8 ಕ್ರೆಡಿಟ್ ಇಟ್ಟಿದ್ದಾರೆ. ಒಂದು ಕ್ರೆಡಿಟ್ ಅಂದ್ರ 15 ತಾಸಿನ ಪಾಠ. ಎರಡು ಕ್ರೆಡಿಟ್ಟಿನ ಒಂದು ಪೇಪರು ವಾರಕ್ಕೆರಡು ತಾಸಿನಂತೆ 15 ವಾರದಲ್ಲಿ ಮುಗೀತದೆ. ಅಕರಾವಿ-ಬಾರಾವಿಯ ಎರಡು ವರ್ಷದಲ್ಲಿ ಎರಡೇ ಪೇಪರು ಮಾಡಿದರೂ 4 ಕ್ರೆಡಿಟ್ ಕೈಗೆ ಬಂತು. ಹದಿನಾರನೇ ವಯಸ್ಸಿನಲ್ಲಿ ಇಟ್ಟ ಕ್ರೆಡಿಟ್ ಇಪ್ಪತ್ಮೂರರ ತನಕ ಜೀವಂತ ಇರ್ತದೆ. ವಿಶ್ವವಿದ್ಯಾಲಯದ ವಿದ್ಯಾ ಪರಿಷತ್ತು ಒಂದು ನಿರ್ಣಯ ಮಾಡಬೇಕು: ಬಾರಾವಿ ಪಾಸಾಗಿ ಪದವಿಗೆ ಸೇರಿದ ದಿನ ಆ ಕ್ರೆಡಿಟ್ ಲೆಕ್ಕಕ್ಕೆ ಹಿಡೀತೀವಿ ಅಂತ. ನಾವು ಕೇಳ್ತಿರೋದು ಇಷ್ಟೇ.

ಕೊಲ್ಹಾಪುರಕ್ಕೆ ಇದು ಹೊಸ ಮಾತೂ ಅಲ್ಲ. ಇಲ್ಲಿನ ರಾಜಾರಾಮ್ ಕಾಲೇಜು ಬೆಳೆದದ್ದೇ ಹೈಸ್ಕೂಲಿನ ಮೇಲೆ, 1880ರಲ್ಲಿ. ಆ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದವರು ಕೆ.ಜಿ. ಕುಂದಣಗಾರರು. ಪಾಠ ಮಾಡುತ್ತಲೇ ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದರು. ಅಲ್ಲೇ ಅರ್ಧಮಾಗಧಿ ಕಲಿಸುತ್ತಿದ್ದ ಆ.ನೇ. ಉಪಾಧ್ಯೆಯವರು ನಮ್ಮ ಸದಲಗಾದವರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ವಿ.ಕೃ. ಗೋಕಾಕರು ಇದೇ ಕಾಲೇಜಿಗೆ ಪ್ರಿನ್ಸಿಪಾಲರಾಗಿದ್ದರು. ಕೊಲ್ಹಾಪುರದಲ್ಲಿ ಕನ್ನಡ ಯಾಕೆ ಅಂತ ಕೇಳುವವರಿಗೆ ಈ ಮೂರು ಹೆಸರು ಹೇಳಿ. ಸಾಕಾಗದಿದ್ದರೆ ಶಿರೋಳ ತಾಲೂಕಿನ ಖಿದ್ರಾಪುರಕ್ಕೆ ಕರಕೊಂಡು ಹೋಗಿ, ಕೋಪೇಶ್ವರ ಗುಡಿಯ ಕಲ್ಲು ತೋರಿಸಿ.

ಇನ್ನೊಂದು ಮಾತು, ಇದು ಹೊಟ್ಟೆಪಾಡಿಗೆ ಸಂಬಂಧಪಟ್ಟದ್ದು. ಕರ್ನಾಟಕದ ಸಿಇಟಿ ಅರ್ಹತಾ ನಿಯಮದಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ಕಲಂ ಇದೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ, ಈ ನಾಲ್ಕು ತಾಲೂಕಿನ ಹೆಸರು ಅದರಲ್ಲಿವೆ. ಆದರೆ ಕನ್ನಡ ಬರ್ತದೆ ಅಂತ ಪರೀಕ್ಷೆ ಬರೆದು ತೋರಿಸಬೇಕು. ಗಡಹಿಂಗ್ಲಜದ ಎಷ್ಟು ಮಕ್ಕಳಿಗೆ ಇದು ಗೊತ್ತು? ಹತ್ತನೇಗೆ ಕನ್ನಡ ಬಿಟ್ಟ ಹುಡುಗ ಎರಡು ವರ್ಷದ ನಂತರ ಆ ಪರೀಕ್ಷೆಗೆ ಕೂತರೆ ಕೈ ನಡುಗ್ತದೆ. ಇಚಲಕರಂಜಿಯದು ಇನ್ನೂ ಬ್ಯಾರೆ ಕಥೆ. ಹಾತಕಣಂಗಲೆ ತಾಲೂಕು ಆ ಪಟ್ಟಿಯಲ್ಲೇ ಇಲ್ಲ. ಮಗ್ಗದ ಸದ್ದಿನಲ್ಲಿ ಬೆಳೆದ ಅಲ್ಲಿನ ಕನ್ನಡ ಮಕ್ಕಳು ಮುಂದೆ ಓದೋದು ಕೊಲ್ಹಾಪುರದಲ್ಲೇ, ಹಾಗಾಗಿ ಇಲ್ಲಿನ ಪದವಿಯಲ್ಲಿ ಕನ್ನಡ ಲೆಕ್ಕಕ್ಕೆ ಬರೋದು ಅವರಿಗೇ ಹೆಚ್ಚು ಬೇಕು.

ಮರಾಠಿ ಬೇಡ ಅಂತಲ್ಲ. ಮರಾಠಿ ನಮ್ಮ ಓಣಿಯ ಭಾಷೆ, ಕಲೀತೀವಿ, ಕಲಿತೇವಿ.

ನಮಗೆ ಅಂಜಿಕೆ ಇರೋದು ಬೇರೆ ಕಡೆ. ಶಿಕ್ಷಕರ ಮೇಲೆ ಈಗಲೇ ಚುನಾವಣೆ ಕೆಲಸ, ಸರ್ವೇ, ಆನ್‌ಲೈನ್ ಮಾಹಿತಿ ತುಂಬೋ ಕೆಲಸ ಬಿದ್ದಿವೆ. ಅದರ ಮೇಲೆ "ಭಾಷಾಭಿಮಾನಕ್ಕೆ ಪುಕ್ಕಟೆ ಕಲಿಸ್ರೀ" ಅಂತ ಇನ್ನೊಂದು ಹೊರೆ ಹೊರಿಸಿದರೆ ನಾವೇ ಮೊದಲು ವಿರೋಧಿಸ್ತೀವಿ. ತಾಸಿನ ಲೆಕ್ಕದಲ್ಲಿ ಗೌರವಧನ ಬೇಕು, ಅತಿಥಿ ಉಪನ್ಯಾಸಕರು ಅನ್ನೋ ಹೆಸರು ಕಾಲೇಜಿನ ಪತ್ರದಲ್ಲಿ ಬರಬೇಕು. ಎರಡನೇ ಅಂಜಿಕೆ ಅಂಕದ್ದು. ನಮ್ಮ ಮಾಸ್ತರು, ನಮ್ಮ ಹುಡುಗರು, ಎಲ್ಲರಿಗೂ ತೊಂಬತ್ತು ಅಂತಾದರೆ ಆ ಕ್ರೆಡಿಟ್‌ಗೆ ಮೂರು ಕಾಸಿನ ಬೆಲೆ ಇರೋದಿಲ್ಲ. ಉತ್ತರಪತ್ರಿಕೆ ಹೊರಗಿನವರೇ ತಿದ್ದಲಿ. ಫೇಲಾದವರು ಫೇಲಾಗಲಿ.

ಈಗ ಕೆಲಸದ ಮಾತು. ಈ ಮೂರೂ ಕಡೆ ಕನ್ನಡದಲ್ಲಿ ಎಂ.ಎ. ಮಾಡಿರೋ ಹೈಸ್ಕೂಲ್ ಶಿಕ್ಷಕರು ನಿಮಗೆ ಗೊತ್ತಿದ್ದರೆ, ಅವರ ಒಪ್ಪಿಗೆ ತಗೊಂಡು ನಮ್ಮ ಇನ್‌ಬಾಕ್ಸಿಗೆ ತಿಳಿಸಿ. ಕಾಮೆಂಟಿನಲ್ಲಿ ಯಾರ ಹೆಸರೂ, ನಂಬರೂ ಹಾಕಬೇಡಿ. ಅಕರಾವಿಯಲ್ಲಿರೋ ಹುಡುಗರು ನಿಮ್ಮ ಕಾಲೇಜಿನಲ್ಲಿ ಕನ್ನಡ ಪೇಪರು ಬೇಕು ಅನ್ನೋರು ಎಷ್ಟು ಜನ ಅಂತ ಎಣಿಸಿ. ಹತ್ತಾದರೂ ಸರಿ, ಏಳಾದರೂ ಸರಿ, ಖರೇ ಸಂಖ್ಯೆ ಕೊಡಿ. ಪ್ರಿನ್ಸಿಪಾಲರಿಗೆ ಕೊಡೋ ಮನವಿಯ ಕರಡು ಮರಾಠಿ ಮತ್ತು ಕನ್ನಡ ಎರಡರಲ್ಲೂ ನಾವು ಬರೆದುಕೊಡ್ತೀವಿ. ಮೊದಲ ಪತ್ರ ಗಡಹಿಂಗ್ಲಜದಿಂದ ಹೋಗಲಿ ಅಂತ ನಮ್ಮ ಆಸೆ, ಇಚಲಕರಂಜಿಯವರು ಮೊದಲು ತಂದರೆ ಅವರದೇ ಮೊದಲು.